ಬಚ್ಚಲ ಬಾಗಿಲಲ್ಲಿ ಮೇಸ್ತ್ರಿ

ಶಾಂಪೂ ಕಣ್ಣಿಗೆ ಇಳಿದೇಬಿಟ್ಟಿತು, ಉರಿ, ಮಗ್ಗು ಎಲ್ಲಿ ಹೋಯಿತು, ಕಣ್ಣು ಮುಚ್ಚಿಕೊಂಡು ಕೈಯಾಡಿಸಿದರೆ ಬಕೆಟ್ಟಿನ ಅಂಚು ಸಿಗುತ್ತದೆ, ಸೋಪಿನ ಡಬ್ಬಿ ಸಿಗುತ್ತದೆ, ಮಗ್ಗು ಮಾತ್ರ ಇಲ್ಲ, ಅಷ್ಟರಲ್ಲಿ ಶುರುವಾಯಿತಲ್ಲ, ಟಕ್ ಟಕ್ ಟಕ್, ಆಯ್ತಾ? — ಆಗಿಲ್ಲ ಕಣೋ, ಈಗ ತಾನೆ ಬಂದಿದ್ದೀನಿ — ಟಕ್ ಟಕ್, ಆಯ್ತಾ? ಒಬ್ಬ ಹೆಂಗಸು ಹತ್ತು ನಿಮಿಷ, ಹತ್ತು ಬೇಡ, ಐದೇ ನಿಮಿಷ ಬಾಗಿಲು ಹಾಕಿಕೊಂಡು ತಲೆಗೆ ನೀರು ಹಾಕಿಕೊಳ್ಳುವ ಹಾಗಿಲ್ಲ ಈ ಮನೆಯಲ್ಲಿ. ಮೂರು ತುಂಬಿದೆ ನನ್ನ ಮಗನಿಗೆ, ಯಾರು ಏನು ಕೆಲಸ ಮಾಡುತ್ತಿದ್ದರೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಿಲ್ಲುತ್ತಾನೆಂದು ಅತ್ತೆ ಇಟ್ಟ ಹೆಸರು ಮೇಸ್ತ್ರಿ, ಹೆಸರಿಟ್ಟವರು ಹೋಗಿ ನಾಲ್ಕು ತಿಂಗಳಾಯಿತು, ಮೇಸ್ತ್ರಿ ಇನ್ನೂ ಬಚ್ಚಲ ಬಾಗಿಲು ಕಾಯುತ್ತಿದ್ದಾನೆ, ಅಜ್ಜಿ ಒಳಗೆ ಸ್ನಾನ ಮಾಡುತ್ತಿದ್ದಾರೆಂದು. ಇವತ್ತು ಹೇಳಿಬಿಡಬೇಕು. ಅಜ್ಜಿ ಇಲ್ಲ, ಸತ್ತುಹೋದರು, ಒಳಗಿರುವವಳು ನಾನು, ಬರೀ ನಾನು, ಮುಗೀತು. ಮಗ್ಗು ಕಾಲ ಹತ್ತಿರವೇ ಬಿದ್ದಿತ್ತು.

ಸುಳ್ಳು ಶುರುಮಾಡಿದ್ದು ನಾನಲ್ಲ, ಅದನ್ನಂತೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅತ್ತೆ ಶುರುಮಾಡಿದ್ದು. ಅವನಿಗೆ ಒಂದೂವರೆ ವರ್ಷ, ನಾನು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟರೆ ಸಾಕು ಕಾಲಿಗೆ ಜೋತುಬಿದ್ದು ರಂಪ, ಆಗ ಅತ್ತೆ ಒಂದು ಉಪಾಯ ಹೂಡಿದರು, ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಹಿಂಬಾಗಿಲಿಂದ ಕಳ್ಳಿಯ ಹಾಗೆ ಜಾರಿಕೊಳ್ಳಬೇಕು, ಅತ್ತೆ ಬಚ್ಚಲಿನ ನಲ್ಲಿಯನ್ನು ಸಣ್ಣಗೆ ಬಿಟ್ಟು ಬಾಗಿಲು ಎಳೆಯಬೇಕು, ಅಮ್ಮ ಸ್ನಾನ ಮಾಡ್ತಿದ್ದಾಳೆ ಕಣೋ ಮೇಸ್ತ್ರಿ, ಬರ್ತಾಳೆ, ಕೇಳು ನೀರಿನ ಸದ್ದು. ಅವನು ಬಾಗಿಲು ತಟ್ಟುತ್ತಾನೆ, ಆಯ್ತಾ ಅನ್ನುತ್ತಾನೆ, ಸ್ವಲ್ಪ ಹೊತ್ತಿಗೆ ಆಟಕ್ಕೆ ಬಿದ್ದು ಮರೆಯುತ್ತಾನೆ. ಸಂಜೆ ನನ್ನದು ಎರಡನೇ ನಾಟಕ, ಹಿಂಬಾಗಿಲಿಂದ ಬಂದು ನೆಟ್ಟಗೆ ಬಚ್ಚಲಿಗೆ ನುಗ್ಗಿ, ಮುಖಕ್ಕೆ ನೀರು ಚಿಮುಕಿಸಿಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಈಚೆ ಬರಬೇಕು, ಒಂಬತ್ತು ಗಂಟೆ ಹೊತ್ತು ಸ್ನಾನ ಮಾಡಿದವಳ ಹಾಗೆ. ಆಮೇಲೆ ಇವರೂ ಶುರುಹಚ್ಚಿಕೊಂಡರು, ಲಿಫ್ಟ್ ರಿಪೇರಿಗೆ ಹೋದರೆ ಅಪ್ಪ ಸ್ನಾನ, ಅಕ್ಕ ಶಾಲೆಗೆ ಹೋದರೆ ಅಕ್ಕ ಸ್ನಾನ, ನಮ್ಮ ಮನೆಯಲ್ಲಿ ಯಾರೂ ಎಲ್ಲಿಗೂ ಹೋಗುವುದೇ ಇಲ್ಲ, ಊರಿಗೆಲ್ಲ ನಾವೇ ಮಡಿವಂತರು. ನಾನು ಹೇಳಿದೆ, ಅತ್ತೆ, ಟಾಟಾ ಹೇಳಿಯೇ ಹೋಗ್ತೀನಿ, ಎರಡು ದಿನ ಅಳ್ತಾನೆ, ಮೂರನೇ ದಿನ ರೂಢಿಯಾಗುತ್ತೆ. ಮಗೂನ ಅಳಿಸಿ ನಿನಗೇನಮ್ಮ ಸಿಗೋದು, ಅಷ್ಟೇ ಅವರ ಉತ್ತರ, ಮತ್ತೆ ನಾನು ಹಿಂಬಾಗಿಲಿಗೇ. ಏಳು ವರ್ಷದ ಮಗಳು, ನಮ್ಮ ಲಾಯರಮ್ಮ, ಅವಳು ಮಾತ್ರ ಬಿಡಲಿಲ್ಲ, ಸುಳ್ಳು ಹೇಳಬಾರದು ಅಂತ ನನಗೆ ಹೇಳ್ತೀಯಲ್ಲಮ್ಮ, ಇದೇನು ಹಾಗಾದರೆ? ಇದು ಸುಳ್ಳಲ್ಲ, ಸಮಾಧಾನ, ಅಂದೆ. ಎಂಥ ಜಾಣೆ ನಾನು.

ಆಯ್ತಾ? — ಇನ್ನೊಂದು ಚೂರು! — ಗೀಸರಿನ ನೀರು ಆರುತ್ತಿದೆ, ಹನ್ನೊಂದಕ್ಕೆ ಸ್ಟುಡಿಯೋದಲ್ಲಿರಬೇಕು, ವರ್ಷಕ್ಕೊಂದು ಮನೆಮಂದಿಯ ಫೋಟೋ ಎಂದು ಇವರ ನಿಯಮ, ಹೋದ ವರ್ಷದ್ದರಲ್ಲಿ ಅತ್ತೆ ನಡುವೆ ಕುರ್ಚಿಯಲ್ಲಿ ಕೂತಿದ್ದಾರೆ, ಮೇಸ್ತ್ರಿ ಅವರ ತೊಡೆಯ ಮೇಲೆ, ಅವರ ಕನ್ನಡಕ ಅವನ ಕೈಯಲ್ಲಿ. ಆ ಕನ್ನಡಕ ಕೂರಿಸಿಕೊಟ್ಟವಳು ನಾನೇ, ಮೇಲೆ ದೂರಕ್ಕೆ ಕೆಳಗೆ ಓದುವುದಕ್ಕೆ, ಹಾಕಿಕೊಂಡ ದಿನದಿಂದ ಒಂದೇ ದೂರು, ಮೆಟ್ಟಿಲೆಲ್ಲ ತೇಲಿದ ಹಾಗೆ ಕಾಣುತ್ತಮ್ಮ, ಸೊಸೆ ನನ್ನನ್ನ ಬೀಳಿಸೋ ಏರ್ಪಾಡು ಮಾಡಿದ್ದಾಳೆ, ಎಂದು ಪಕ್ಕದ ಮನೆಯವರ ಮುಂದೆ. ಅದೇ ಕನ್ನಡಕ ಹಾಕಿಕೊಂಡು ಲಾಯರಮ್ಮನ ಸೈಕಲ್ಲಿನ ಹಿಂದೆ ಓಡಿದರು, ಹಿಡ್ಕೊಂಡಿದ್ದೀನಿ ತುಳಿ, ಹಿಡ್ಕೊಂಡಿದ್ದೀನಿ ತುಳಿ, ಕೈ ಬಿಟ್ಟು ಎಷ್ಟೋ ಹೊತ್ತಾಗಿತ್ತಂತೆ, ಅದೂ ಒಂದು ಸುಳ್ಳು, ಅವಳು ಬೀದಿಯ ತುದಿ ಮುಟ್ಟಿದಳು, ನಾನು ನೋಡಿದ್ದು ಫೋನಿನಲ್ಲಿ, ಅಂಗಡಿಯಲ್ಲಿ ಯಾರದೋ ಕಣ್ಣಿಗೆ ಗಾಜು ಬದಲಾಯಿಸುತ್ತ, ಈಗ ಚೆನ್ನಾಗಿ ಕಾಣುತ್ತಾ, ಮೊದಲಿನದೇ ವಾಸಿನಾ. ಅವಳ ಮೊದಲ ಹಲ್ಲು ಸೇಬಿಗೆ ಸಿಕ್ಕಿಕೊಂಡು ಉದುರಿದ್ದು, ಇವನು ಡೈಪರ್ ಬಿಟ್ಟದ್ದು, ಮೊದಲ ಸಲ ಉದ್ದದ ವಾಕ್ಯ ಹೇಳಿದ್ದು, ಎಲ್ಲ ನನಗೆ ವರದಿ ರೂಪದಲ್ಲಿ ಬಂತು, ಅತ್ತೆಯ ಬಾಯಲ್ಲಿ, ನೀನಿರಬೇಕಿತ್ತು ಕಣಮ್ಮ ಎಂಬ ಒಗ್ಗರಣೆಯ ಸಮೇತ, ಮೈಯೆಲ್ಲ ಉರಿಯುತ್ತಿತ್ತು. ಸಮುದ್ರಕ್ಕೆ ಹೋದ ದಿನ ಮಾತ್ರ ನಾನೂ ಇದ್ದೆ, ಒಂದೇ ಒಂದು ಸಲ ಎಲ್ಲರೂ ಒಟ್ಟಿಗೆ, ಬಸ್ಸಿನಲ್ಲಿ ಮಕ್ಕಳಿಬ್ಬರೂ ವಾಂತಿ, ಬುತ್ತಿಯ ಡಬ್ಬಿಯ ತುಂಬ ಮರಳು, ಅತ್ತೆ ಮಂಡಿಯವರೆಗೆ ಬಟ್ಟೆ ಎತ್ತಿಕೊಂಡು ಅಲೆ ಬಂದಾಗಲೆಲ್ಲ ಚಿಕ್ಕ ಹುಡುಗಿಯಂತೆ ಕಿರುಚುವುದು, ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಅಷ್ಟು ನೀರನ್ನೂ ಒಂದು ಸುತ್ತು ನೋಡಿ ಕೇಳಿದ, ಅಜ್ಜಿ, ಯಾರು ನಲ್ಲಿ ಬಿಟ್ಟಿದ್ದು? ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು, ಅತ್ತೆಗೂ, ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕೆವು, ಹಾಗೆ ನಾವು ನಕ್ಕದ್ದು ಅದೇ ಮೊದಲು ಅನಿಸುತ್ತದೆ. ಅದಾಗಿ ಮೂರು ವಾರಕ್ಕೆ ಅವರು ಹೋದರು.

ಮಧ್ಯಾಹ್ನ, ರಜೆಯ ದಿನ, ಇವನು ಮಲಗಿದ್ದ, ಲಾಯರಮ್ಮ ಆಟಕ್ಕೆ ಹೋಗಿದ್ದಳು, ಅತ್ತೆ ಬಟ್ಟೆ ಮಡಚುತ್ತಿದ್ದವರು ಎದೆ ಹಿಡಿದ ಹಾಗಿದೆ ಅಂದರು, ಗ್ಯಾಸ್ ಇರಬೇಕು ಅಂದರು, ಬೆವರು ನೋಡಿ ಇವರು ಕಾರು ಕರೆಸಿ ಎತ್ತಿಕೊಂಡೇ ಹೋದರು, ಅತ್ತೆ ಬಾಗಿಲಲ್ಲಿ ತಿರುಗಿ ಅವನು ಎದ್ದರೆ ಅಂದರು, ಅಷ್ಟೇ, ಎದ್ದರೆ ಏನು ಎಂದು ಹೇಳಲಿಲ್ಲ, ಹೇಳುವುದೇನಿತ್ತು, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವನು ಎದ್ದ. ಅಜ್ಜಿ? ನಾನು ನಲ್ಲಿ ಬಿಟ್ಟೆ. ಸಣ್ಣಗೆ ಬಿಟ್ಟೆನೋ ಜೋರಾಗಿ ಬಿಟ್ಟೆನೋ, ಬಾಗಿಲು ಎಳೆದೆ, ಸ್ನಾನ ಮಾಡ್ತಿದ್ದಾರೆ ಕಣೋ, ಬರ್ತಾರೆ. ಅವನು ತಟ್ಟಿದ, ಆಯ್ತಾ, ಬಾಗಿಲಿಗೆ ಒರಗಿ ಕೂತ, ಅಷ್ಟರಲ್ಲಿ ಫೋನು, ಇವರ ಉಸಿರು, ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಹತ್ತಿರ ಅರ್ಧ ಗಂಟೆ ಸಮಾಧಾನವಾಗಿ ಮಾತಾಡುವ ಮನುಷ್ಯ, ಹೆದರಬೇಡಿ, ನಾನು ಹೊರಗಡೆನೇ ಇದ್ದೀನಿ, ಎಂದು ಕಬ್ಬಿಣದ ಬಾಗಿಲಿಗೆ ಬಾಯಿಟ್ಟು ಹೇಳುವವರು, ನನಗೆ ಹೇಳಿದ್ದು ಒಂದೇ ಮಾತು, ಹೋದ್ರು. ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಇಟ್ಟುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ತಿರುಗಿ ಬಂದರೆ ಬಕೆಟ್ಟು ತುಂಬಿ ಮೋರಿಗೆ ಹೋಗುವಷ್ಟು ಹೋಗಿ ಮಿಕ್ಕಿದ್ದು ಬಾಗಿಲ ಕೆಳಗಿಂದ ಹೊರಗೆ ಹರಿಯುತ್ತಿತ್ತು, ಅವನು ಅದರಲ್ಲೇ ಕೂತಿದ್ದ, ಚಡ್ಡಿಯೆಲ್ಲ ಒದ್ದೆ, ಅಳುತ್ತಿರಲಿಲ್ಲ, ಅಮ್ಮ, ಅಜ್ಜಿ ನೀರು ಜಾಸ್ತಿ. ಹೌದು ಕಂದ ಅಂದೆ. ಎತ್ತಿಕೊಂಡೆ, ಬಟ್ಟೆ ಬದಲಿಸಿದೆ, ಅಜ್ಜಿ ಬರ್ತಾರೆ ಎಂದು ಮತ್ತೆ ಅಂದೆ, ಅಂದವಳು ನಾನು, ಅತ್ತೆಯಲ್ಲ, ಹೇಳಿ ಈಗ ಯಾರನ್ನು ಬೈಯಲಿ. ಲಾಯರಮ್ಮನನ್ನು ಆ ಸಂಜೆ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆವು, ಅವನಿಗೆ ಬೇಡ, ಅವನು ಚಿಕ್ಕವನು, ತಾನಾಗಿ ಮರೀತಾನೆ, ಎಲ್ಲರೂ ಅದನ್ನೇ ಅಂದರು, ನನಗೂ ಅದೇ ಬೇಕಿತ್ತು.

ಎಲ್ಲಿ ಮರೆತ? ಮರೆಯುವುದಿರಲಿ, ಹೊಸದೊಂದು ಹಠ ಬೇರೆ, ಸ್ನಾನ ಅಂದರೆ ಸಾಕು ಹೌಹಾರುತ್ತಾನೆ, ಸಮುದ್ರದಲ್ಲಿ ಬಿದ್ದು ಹೊರಳಿದವನು, ಹೊರಗಿನ ಕೋಣೆಯಲ್ಲಿ ಟಬ್ಬು ಇಟ್ಟರೆ ಮಹಾರಾಜನ ಹಾಗೆ ಕೂರುತ್ತಾನೆ, ಬಚ್ಚಲಿಗೆ ಮಾತ್ರ ತಲೆ ಮೇಲೆ ತಲೆ ಬಿದ್ದರೂ ಬರುವುದಿಲ್ಲ. ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳಿಗೆ ದಿನಾ ಈ ಯುದ್ಧ, ಟಬ್ಬಿಗೆ ನೀರು ಹೊತ್ತು ಹಾಕು, ನೆಲ ಒರೆಸು, ಇವರೋ ಬಿಡೇ ಪಾಪ ಎಂದು ಪೇಪರ್ ಓದುತ್ತಾರೆ, ಒಂದು ದಿನ ನೋಡಿದೆ, ಎರಡು ದಿನ ನೋಡಿದೆ, ಹೋದ ಭಾನುವಾರ ಎತ್ತಿ ಬಗಲಲ್ಲಿ ಇರುಕಿಕೊಂಡು ಹೊರಟೆ, ಬಾಗಿಲಿಗೆ ಬರುತ್ತಲೂ ಚೌಕಟ್ಟು ಹಿಡಿದುಕೊಂಡ, ಎರಡೂ ಕೈಯಲ್ಲಿ, ಆ ಪುಟ್ಟ ಬೆರಳುಗಳಿಗೆ ಅದೆಲ್ಲಿಯ ಶಕ್ತಿ, ಉಗುರೆಲ್ಲ ಬೆಳ್ಳಗಾಗಿದ್ದವು, ಒಂದೊಂದಾಗಿ ಬಿಡಿಸಬೇಕಾಯಿತು, ಒಂದು ಬಿಡಿಸಿದರೆ ಇನ್ನೊಂದು ಅಂಟಿಕೊಳ್ಳುತ್ತಿತ್ತು, ತಾಳ್ಮೆ ಕೆಟ್ಟು ಬೆನ್ನಿಗೆ ಒಂದು ಬಾರಿಸಿಯೂಬಿಟ್ಟೆ, ಹಠಮಾರಿ, ನಿಮ್ಮಜ್ಜಿಯ ಮೊಮ್ಮಗನೇ ನೀನು, ಅಂದೆ. ನೀರು ಹಾಕುವಷ್ಟು ಹೊತ್ತೂ ಅಕ್ಕ ಅಕ್ಕ ಎಂದು ಅಕ್ಕನನ್ನು ಕೂಗಿದ, ಅವಳು ಓಡಿ ಬಂದು ಬಾಗಿಲಲ್ಲಿ ನಿಂತುಕೊಂಡಳು, ನಾನು ಇಲ್ಲೇ ಇದ್ದೀನಿ ಕಣೋ, ನೋಡ್ತಾ ಇದ್ದೀನಿ. ಏನೋ ಇಬ್ಬರ ಆಟ ಅಂದುಕೊಂಡೆ. ನಿನ್ನೆ ಶಿಶುವಿಹಾರದ ಮಿಸ್ ಫೋನು, ಮೇಡಂ ಬೇಜಾರು ಮಾಡ್ಕೋಬೇಡಿ, ಟಾಯ್ಲೆಟ್ಟಿಗೆ ಯಾವ ಮಗು ಹೋದ್ರೂ ನಿಮ್ಮ ಮಗ ಹೊರಗೆ ನಿಂತ್ಕೊಂಡು ಆಯ್ತಾ ಆಯ್ತಾ ಅಂತ ಬಾಗಿಲು ಬಡೀತಾನೆ, ಮಕ್ಕಳು ಅಳ್ತವೆ, ಮನೇಲಿ ಏನಾದ್ರೂ ಆಗಿದೆಯಾ? ಏನೂ ಇಲ್ಲ ಮಿಸ್, ಅಂದೆ. ಕಿವಿಯೆಲ್ಲ ಬಿಸಿಯಾಯಿತು. ಅಲ್ಲೂ ಅಜ್ಜಿಯನ್ನು ಹುಡುಕುತ್ತಿದ್ದಾನೆ, ಊರಲ್ಲಿರುವ ಬಚ್ಚಲುಗಳಲ್ಲೆಲ್ಲ ಹುಡುಕುತ್ತಾನೆ ಇನ್ನು, ಅತ್ತೆ, ನೋಡಿ ನಿಮ್ಮ ಉಪಾಯ, ನೀವು ಆರಾಮವಾಗಿ ಹೋದಿರಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂಬಾಗಿಲಿಂದ, ಉತ್ತರ ಹೇಳುವವಳು ಇಲ್ಲಿ ನಾನು, ಒಂದು ಟಾಟಾ ಹೇಳಿ ಹೋಗಲಿಕ್ಕೇನಾಗಿತ್ತು, ಅವನಿಗೆ ಬೇಡ, ನನಗಾದರೂ.

ಅಳು ಬಂತು, ಇರಲಿ, ಹೇಗೂ ಮುಖದ ತುಂಬ ನೀರೇ. ಟಕ್ ಟಕ್, ಆಯ್ತಾ? ಈ ಸಲ ಸ್ವಲ್ಪ ಜೋರು, ಈ ಸಲ ಎರಡೂ ಕೈಯಲ್ಲಿ, ಆಯ್ತಾ ಆಯ್ತಾ? — ಬಂದೆ! — ಒರೆಸಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ನೈಟಿ ಬೆನ್ನಿಗೆ ಅಂಟಿಕೊಳ್ಳುತ್ತದೆ, ಹೇಗೆ ಹೇಳುವುದು, ಕಂದ ಇಲ್ಲಿ ಕೇಳು, ಅಜ್ಜಿಗೆ ಹುಷಾರಿರಲಿಲ್ಲ, ಬೇಡ, ಅಜ್ಜಿ ದೂರ ಹೋದರು, ಅದೂ ಬೇಡ, ದೂರ ಅಂದರೆ ನಾಳೆಯಿಂದ ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಾನೆ, ನೇರ ಹೇಳಬೇಕು, ಅಳಲಿ, ಎರಡು ದಿನ ಅಳುತ್ತಾನೆ, ಮೂರನೇ ದಿನ ರೂಢಿಯಾಗುತ್ತದೆ. ಚಿಲಕ ತೆಗೆದೆ. ನಿಂತಿದ್ದಾನೆ, ಮುಂಗಾಲ ಮೇಲೆ, ತಟ್ಟಲು ಎತ್ತಿದ ಕೈ ಎತ್ತಿದ ಹಾಗೇ ಇದೆ, ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ. ಕೂತೆ, ಅವನ ಎತ್ತರಕ್ಕೆ. ಕಂದ, ಅಜ್ಜಿ ಒಳಗಿಲ್ಲ, ಅವತ್ತೂ ಇರಲಿಲ್ಲ, ಅಮ್ಮ ಸುಳ್ಳು ಹೇಳಿದೆ. ಅಜ್ಜಿ ಸತ್ತುಹೋದರು. ಅವನು ಅಳಲಿಲ್ಲ. ನನ್ನ ಟವೆಲ್ಲಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಬೆರಳಲ್ಲಿ ಒರೆಸಿದ, ಗೊತ್ತು, ಅಂದ. ಅಕ್ಕ ಹೇಳಿದ್ಳು. ಯಾವಾಗ ಹೇಳಿದ್ಳೋ? ಅವತ್ತೇ. ಅಜ್ಜಿ ಸ್ನಾನಕ್ಕೆ ಹೋಗಿ ಸತ್ತೋದ್ರು. ಆಮೇಲೆ ಮೇಸ್ತ್ರಿಯ ದನಿಯಲ್ಲಿ, ಕೆಲಸ ಸರಿಯಾಗಿದೆ ಎನ್ನುವ ಹಾಗೆ, ನೀನು ಈಚೆ ಬಂದ್ಯಲ್ಲ ಅಂದ, ಅಪ್ಪ ನಿನ್ನೆ ಬಂದ್ರು, ಅಕ್ಕಾನೂ ಬಂದ್ಳು, ನಾನು ತಟ್ಟಿದ್ನಲ್ಲ, ಅದಕ್ಕೆ.

ಕೋಣೆಯಿಂದ ಇವರು ಕೂಗುತ್ತಿದ್ದಾರೆ, ಹತ್ತೂಕಾಲಾಯ್ತು ಕಣೇ, ಅವನದ್ದೊಂದು ಸ್ನಾನ ಮುಗಿಸಿಬಿಡು, ಹೊರಡೋಣ, ಸ್ಟುಡಿಯೋ, ಕುರ್ಚಿ, ಯಾರನ್ನು ಕೂರಿಸುವುದು ನಡುವೆ, ಇವನು ಸ್ನಾನ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟ, ಸುಮ್ಮನೆ, ಹಿಡಿಯಲೂ ಇಲ್ಲ, ಇಟ್ಟ ಅಷ್ಟೇ, ಹೋದ ಭಾನುವಾರ ನಾನು ಬಿಡಿಸಿದೆನಲ್ಲ, ಹಠ ಅಂದುಕೊಂಡು, ಹಲ್ಲು ಕಚ್ಚಿಕೊಂಡು, ಬಿಡೋ, ಬಿಡ್ತೀಯೋ ಇಲ್ವೋ ಅನ್ನುತ್ತ, ಸಾಯಲಿಕ್ಕೆ ಕರೆದುಕೊಂಡು ಹೋಗುತ್ತಿದ್ದಾಳೆ ಅಮ್ಮ ಎಂದು ತಿಳಿದ ಮಗುವಿನ ಕೈಯನ್ನು, ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಡುವಿನದು, ಬೆಳ್ಳಗಾದ ಆ ಉಗುರು, ಬೆಳ್ಳಗಾದ ಆ ಉಗುರು —