ಮೂಲಗುರುವಿನ ಬೂದಿ

ಜಯಂತಿಗೆ ಸುಮ್ಮನೆ ಕೂರಲು ಬಾರದು. ಅದೇ ಅವಳಿಗೆ ಮುಳುವಾಯಿತು. ಗಂಡ ಉಲ್ಲಾಸ್ ಮೆನ್ಲೋ ಪಾರ್ಕಿನಲ್ಲಿ, ಹೆಸರಿನ ಬಾಲಕ್ಕೆ ಡಾಟ್ ಕಾಮ್ ಅಂಟಿಸಿಕೊಂಡ, ಏನು ಮಾರುತ್ತೇನೆಂದು ತನಗೇ ಖಚಿತವಿಲ್ಲದ ಕಂಪನಿಯೊಂದಕ್ಕೆ ಜೀವ ತೇಯುತ್ತಿದ್ದ. ಅವಳ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಉಡುಪಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವಳು ಕ್ಯುಪರ್ಟಿನೋದ ಅಪಾರ್ಟ್‌ಮೆಂಟಿನಲ್ಲಿ ಒರೆಸಿದ ಅಡುಗೆಕಟ್ಟೆಯನ್ನೇ ಮತ್ತೆ ಒರೆಸುತ್ತ ದಿನ ದೂಡುತ್ತಿದ್ದಳು.

ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಡುತ್ತಾರೆಂದು ಕೇಳಿ ಸರಟೋಗಾ ಕಡೆಯ ಹಳೆಯ ಮನೆಯೊಂದಕ್ಕೆ ಹೋದದ್ದು ಆಗಲೇ. ಹೊರಗಿನಿಂದ ನೋಡಿದರೆ ಬಾಡಿಗೆ ಮನೆ, ಒಳಗೆ ಚೀನೀಯರ ತಾವೋ ಧರ್ಮದ ಗುಡಿ. ಲಿವಿಂಗ್ ರೂಮಿನಲ್ಲಿ ಆ ಧರ್ಮದ ಸನ್ಯಾಸಿ ಪಂಥವೊಂದನ್ನು ಕಟ್ಟಿದ ಮೂಲಗುರು ವಾಂಗ್ ಚೊಂಗ್‌ಯಾಂಗನ ಮರದ ವಿಗ್ರಹ. ಎಂಟು ಶತಮಾನಗಳ ಹಿಂದೆ ತನ್ನ ಗೋರಿಯನ್ನು ತಾನೇ ತೋಡಿಕೊಂಡು, ಬದುಕಿರುವಾಗಲೇ ಅದರೊಳಗೆ ಕೂತು ತಪಸ್ಸು ಮಾಡಿದ ಮಹಾನುಭಾವ ಅವನಂತೆ. ಗುಡಿ ನೋಡಿಕೊಳ್ಳುತ್ತಿದ್ದವರು ಮಾಸ್ಟರ್ ಲ್ಯೂ, ಬಿಳಿಗೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿದ ಮೆದುಮಾತಿನ ಮುದುಕ. ಜಯಂತಿಯ ಬೆನ್ನುನೋವು ಹೋಯಿತು, ಗುಡಿ ಗುಡಿಸುವ ಅಭ್ಯಾಸ ಉಳಿಯಿತು.

ಚಳಿಗಾಲದಲ್ಲಿ ಮೂಲಗುರುವಿನ ಜನ್ಮದಿನ ಹತ್ತಿರವಾಯಿತು. ಅದಕ್ಕೆ ಮುಂಚೆ ಲಾಸ್ ಏಂಜಲೀಸಿಗೆ ಹೋಗಿಬರಬೇಕಾಗಿದ್ದ ಲ್ಯೂ ಬೀಗದ ಕೈಯನ್ನು ಅವಳಿಗೆ ಕೊಟ್ಟರು. ಈವರೆಗೆ ಯಾರಿಗೂ ಕೊಟ್ಟವರಲ್ಲವೆಂದು ತಿಳಿದಾಗ ಅವಳು ಹಿಗ್ಗಿದಳು. ಹಬ್ಬ ಅಂದಮೇಲೆ ದೇವರ ಪಾತ್ರೆ ಬೆಳಗದಿದ್ದರೆ ಹೇಗೆ? ವಿಗ್ರಹದ ಮುಂದಿನ ಹಿತ್ತಾಳೆಯ ಧೂಪದಾನಿ ಕಪ್ಪಗಾಗಿತ್ತು, ಒಳಗೆ ಅಂಚಿನವರೆಗೂ ಬೂದಿ. ಅದನ್ನೆತ್ತಿ ಅಡುಗೆಮನೆಯ ಸಿಂಕಿಗೆ ತಂದಳು. ಉಡುಪಿಯಲ್ಲಿ ಅಜ್ಜಿ ದೀಪ ಬೆಳಗುತ್ತಿದ್ದದ್ದು ಹುಣಸೆಹುಳಿ ಮತ್ತು ಬೂದಿಯಿಂದ. ಹುಳಿ ಮನೆಯಿಂದ ತಂದಿದ್ದಳು, ಬೂದಿ ಕೈಯಲ್ಲೇ ಇತ್ತು. ಅದರಿಂದಲೇ ಗಸಗಸ ಉಜ್ಜಿ, ಉಳಿದದ್ದನ್ನೂ ನಲ್ಲಿ ಬಿಟ್ಟು ತೊಳೆದಳು. ಧೂಪದಾನಿ ಫಳಫಳ ಹೊಳೆಯಿತು.

ಮರಳಿ ಬಂದ ಲ್ಯೂ ಅದನ್ನು ನೋಡಿ ನಕ್ಕರು, ಚೆನ್ನಾಗಿದೆ ಎಂದರು. ಆಮೇಲೆ ಬೂದಿಯನ್ನು ಎಲ್ಲಿಟ್ಟಿದ್ದೀ ಎಂದು ಸಹಜವಾಗಿ ಕೇಳಿದರು. ಅನುಮಾನದ ಎಳೆಯೂ ಇರಲಿಲ್ಲ. ಅದು ಚೀನಾದ ತಮ್ಮ ಗುಡಿಯ ಧೂಪದಾನಿಯದು, ತಮ್ಮ ಗುರು ಕೊಟ್ಟದ್ದು, ಎದೆಗೆ ಕಟ್ಟಿಕೊಂಡು ಸಮುದ್ರ ದಾಟಿಸಿ ತಂದದ್ದು ಎಂದರು. ಹಳೆಯ ಗುಡಿಯ ಬೂದಿಯಲ್ಲಿ ಧೂಪದ ಕಡ್ಡಿ ನೆಟ್ಟರೇನೇ ಹೊಸ ಗುಡಿ ಗುಡಿಯಾಗುವುದು. ಅದಿಲ್ಲದಿದ್ದರೆ ಇದು ಬರೀ ಬಾಡಿಗೆ ಮನೆ.

ನಿಜ ಜಯಂತಿಯ ನಾಲಿಗೆಯ ತುದಿಗೆ ಬಂದಿತ್ತು, ಹೊರಬಿದ್ದದ್ದು ಸುಳ್ಳು. ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ, ನಾಳೆ ತರುತ್ತೇನೆ ಎಂದುಬಿಟ್ಟಳು.

ಅವತ್ತು ಬಾಲ್ಕನಿಯಲ್ಲಿ ಕಟ್ಟುಗಟ್ಟಲೆ ಅಗರಬತ್ತಿ ಸುಟ್ಟಳು. ಸಾಲದ್ದಕ್ಕೆ ಇದ್ದಿಲನ್ನೂ ಸುಟ್ಟಳು. ಹೊಗೆ ಕಂಡು ಮೇಲೆ ಬಂದ ಕೆಳಮನೆಯ ಮಂಗಳೂರಿನ ನೀತಾ ಕಥೆ ಕೇಳಿ ನಕ್ಕಳು. “ಅದಕ್ಕೆಂತ ಅಷ್ಟು ತಲೆಬಿಸಿ ಮಾರಾಯ್ತಿ? ಬೂದಿ ಅಂದ್ರೆ ಬೂದಿಯೇ. ಅವರಿಗೆ ಹೇಗೆ ಗೊತ್ತಾಗ್ತದೆ?”

ಜಯಂತಿ ಓದಿದ ಕೆಮಿಸ್ಟ್ರಿಯೂ ಅದನ್ನೇ ಹೇಳುತ್ತಿತ್ತು. ಆದರೆ ಮರುದಿನ ಲ್ಯೂ ಆ ಬೂದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೊತ್ತಿಕೊಂಡಾಗ ಅವಳು ಮುಖ ತಿರುಗಿಸಿಕೊಂಡಳು. ಆ ಮುದುಕ ದಿನಾ ತನ್ನ ಬಾಲ್ಕನಿಯ ಇದ್ದಿಲಿಗೆ ಅಡ್ಡಬೀಳುತ್ತಿದ್ದಾರೆ ಎಂದು ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಜನ್ಮದಿನದಂದು ಬಂದವರೆಲ್ಲ ಹಿತ್ತಲಲ್ಲಿ ಊಟ ಮಾಡುತ್ತಿದ್ದರು. ಒಳಗೆ ವಿಗ್ರಹದ ಮುಂದೆ ಲ್ಯೂ, ಜಯಂತಿ, ಜೊತೆಗೆ ಸಿಯಾಟಲ್‌ನಿಂದ ಬಂದಿದ್ದ ಮೇಯ್ ಎಂಬ ಸನ್ಯಾಸಿನಿ ಮಾತ್ರ ಇದ್ದರು. ಮೇಯ್ ಅಲ್ಲಿ ಹೊಸ ಗುಡಿ ತೆರೆಯುವವಳಿದ್ದಳು, ಇಲ್ಲಿನ ಬೂದಿ ಒಯ್ಯಲು ಕೆಂಪು ರೇಷ್ಮೆಯ ಚೀಲ ಹೊಲಿಸಿ ತಂದಿದ್ದಳು. ಲ್ಯೂ ಚಮಚ ಎತ್ತಿಕೊಂಡರು. ತನ್ನ ಸುಳ್ಳು ಇನ್ನು ಸಿಯಾಟಲ್‌ಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ, ಜನ ಅದಕ್ಕೆ ಕೈಮುಗಿಯುತ್ತಲೇ ಇರುತ್ತಾರೆ ಎನಿಸಿ ಜಯಂತಿಗೆ ತಡೆಯಲಾಗಲಿಲ್ಲ.

“ಕೊಡಬೇಡಿ ಮಾಸ್ಟರ್. ಅದು ನಿಮ್ಮ ಗುರುಗಳದ್ದಲ್ಲ, ನಾನು ಸುಟ್ಟು ತಂದದ್ದು. ನಿಮ್ಮ ಬೂದಿಯಲ್ಲೇ ಪಾತ್ರೆ ಉಜ್ಜಿ ತೊಳೆದುಬಿಟ್ಟೆ.”

ಲ್ಯೂ ಚಮಚದ ಬೂದಿಯನ್ನು ಧೂಪದಾನಿಗೇ ಮರಳಿ ಸುರಿದರು. ಒಂದೇ ಮಾತು ಕೇಳಿದರು. “ಎಲ್ಲಿ ತೊಳೆದೆ?”

ಅವಳು ಅಡುಗೆಮನೆಯ ಕಡೆ ಕೈ ತೋರಿಸಿದಳು. ಲ್ಯೂ ಒಳಗೆ ಹೋಗಿ ಸಿಂಕಿನಲ್ಲಿದ್ದ ಎಂಜಲು ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಕಟ್ಟೆಯ ಮೇಲಿಟ್ಟರು. ನೆರವಿಗೆ ಹೋದವಳನ್ನು ಕೈಸನ್ನೆಯಿಂದಲೇ ತಡೆದರು. ಧೂಪದ ಕಡ್ಡಿ ಹಚ್ಚಿ ಸಿಂಕಿನ ಅಂಚಿಗೆ ಸಿಕ್ಕಿಸಿ, ಕಪಾಟು ಹಿಡಿದುಕೊಂಡು ಕಷ್ಟಪಟ್ಟು ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದರು. ಮೇಯ್ ಖಾಲಿ ಚೀಲವನ್ನು ಮಡಚಿಟ್ಟುಕೊಂಡು ಅವರ ಹಿಂದೆ ಮಂಡಿಯೂರಿದಳು. ಬೈದಿದ್ದರೆ, ಹೊರಗೆ ನಡೆ ಎಂದಿದ್ದರೆ, ಜಯಂತಿ ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದಳು.

ಲ್ಯೂ ಎದ್ದು ನಿಂತು, ಕಡ್ಡಿ ಉರಿದು ಮುಗಿಯುವವರೆಗೆ ಯಾರೂ ಇಲ್ಲಿ ನೀರು ಬಿಡದಂತೆ ನೋಡಿಕೋ ಎಂದಷ್ಟೇ ಹೇಳಿ ಹೊರಗೆ ಹೋದರು.

ಊಟ ಮುಗಿಸಿದವರು ತಟ್ಟೆ ತೊಳೆಯಲು ಒಬ್ಬೊಬ್ಬರಾಗಿ ಬರತೊಡಗಿದರು. ಸಿಂಕಿಗೆ ಅಡ್ಡ ನಿಂತು ಜಯಂತಿ ಈಗ ಆಗುವುದಿಲ್ಲ ಎಂದಳು. ಪ್ರತಿಯೊಬ್ಬರೂ ಯಾಕೆ ಎಂದು ಕೇಳಿದರು. ಪ್ರತಿಯೊಬ್ಬರಿಗೂ ಅವಳು ಮೊದಲಿನಿಂದ ಹೇಳಬೇಕಾಯಿತು.