ಗೇಣುದ್ದದ ತುಂಡುಗಳು

ಸಾಮಿಲ್ ಯಜಮಾನನಿಗೆ ಹೊಟ್ಟೆಯುರಿ ಶುರುವಾದದ್ದು ಅವನ ಹೆಂಡತಿಯೇ ನಮ್ಮ ಶೆಡ್ಡಿಗೆ ಬಂದು ಸ್ಟೂಲು ಕೊಂಡುಹೋದ ದಿನ. ತಾನು ಬಿಸಾಕಿದ ಕಸ ತನ್ನ ಅಡುಗೆಮನೆಗೇ ವಾಪಸು ಬಂದದ್ದು ತಿಳಿದಾಗ ಅವನ ಮುಖ ಹೇಗಿತ್ತೋ, ನೋಡುವ ಭಾಗ್ಯ ನನಗಿರಲಿಲ್ಲ.

ಹೊಸ ಯಂತ್ರ ತಂದಾಗ ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮ ಐವರು ಹೆಂಗಸರನ್ನು ಒಂದೇ ಮಾತಿನಲ್ಲಿ ಮನೆಗೆ ಕಳಿಸಿದವನು ಅವನೇ. ದಿಮ್ಮಿ ಕೊಯ್ದಾಗ ತೊಗಟೆ ಬದಿಯಲ್ಲಿ ಉಳಿಯುವ ಹಲಗೆಗಳನ್ನು ಅವನು ಸುಡುತ್ತಿದ್ದ. ಹೊಗೆಗೆ ರೋಸಿಹೋದ ಊರವರು ತಡೆದ ಮೇಲೆ ಹಿಂದಿನ ಗೇಟಿನಾಚೆ ಸುರಿಸತೊಡಗಿದ. ನಾವು ಅದನ್ನು ಹೊತ್ತು ತಂದು, ಕೆತ್ತಿ, ಉಜ್ಜಿ, ಸ್ಟೂಲು, ಕಪಾಟು, ತರಕಾರಿ ಪೆಟ್ಟಿಗೆ ಮಾಡಿದೆವು. ಈಗ ಶಾಲೆಯವರು ಪುಟ್ಟ ಮಕ್ಕಳಿಗೆ ಬೆಂಚು ಕೇಳಿದ್ದರು. ಹೇಳಿದ ಹೊತ್ತಿಗೆ ಕೊಟ್ಟರೆ ಶೆಡ್ಡು ಉಳಿಯುತ್ತದೆ, ಇಲ್ಲವಾದರೆ ಐದು ಮನೆಯ ಒಲೆ ಆರುತ್ತದೆ.

ಅಂಥ ಹೊತ್ತಿನಲ್ಲಿ ಗೇಟಿನಾಚೆ ಬಿದ್ದದ್ದು ಬರೀ ತುಂಡುಗಳು. ಗೇಣುದ್ದ, ಅಷ್ಟೇ.

"ಏನೇ ಇದು, ಇಲಿಗೆ ಮಂಚ ಮಾಡ್ಬೇಕಾ?" ಎಂದಳು ಪಟಾಕಿ. ಅವಳ ಬಾಯಿಗೆ ನಾವಿಟ್ಟ ಹೆಸರು ಅದು.

ಮಿಲ್ಲಿನಲ್ಲಿ ಗರಗಸ ನಡೆಸುವವನು ನನ್ನ ಸ್ವಂತ ಅಣ್ಣ. ಸಂಜೆ ಅವನನ್ನು ಮನೆ ಬಾಗಿಲಲ್ಲೇ ಹಿಡಿದೆ.

"ಯಜಮಾನ್ರ ಅಪ್ಪಣೆ ಕಣೇ. ಗೇಣಿಗಿಂತ ಉದ್ದ ಒಂದೂ ಹೊರಗೆ ಹೋಗ್ಬಾರ್ದು ಅಂದ್ರು."

"ನೀನು ಗೋಣು ಆಡಿಸಿಬಿಟ್ಟೆ."

"ನಂಗೂ ಹೊಟ್ಟೆಪಾಡು ಇದೆ."

"ಹೊಟ್ಟೆ ಇದೆ. ಮಾನ ಎಲ್ಲೋ ಬಿದ್ದುಹೋಗಿದೆ, ಹುಡುಕ್ಕೋ!"

"ತುಂಡನ್ನ ಒಂದ್ಸಲ ಸರಿಯಾಗಿ ನೋಡೇ," ಎಂದ. ನಾನು ಆಗಲೇ ಬೀದಿಗೆ ಇಳಿದಿದ್ದೆ. ದಾರಿಯುದ್ದಕ್ಕೂ ಅಳು ಬಂತು, ಸಿಟ್ಟಿಗೂ ಸಂಕಟಕ್ಕೂ.

ಮರುದಿನ ಆ ತುಂಡುಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಬೀಸಿ ಒಗೆದೆ. ಪಟಾಕಿ ನನ್ನನ್ನು ಬೈಯುತ್ತಲೇ ಅವನ್ನು ಆರಿಸಿ ಗೋಡೆಗೊತ್ತಿ ಸಾಲಾಗಿ ಇಡುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಬಾಯಿ ನಿಂತಿತು.

"ಇಲ್ಲಿ ಬಾರೇ. ನೋಡು."

ಸಾಲಿನ ತುದಿ ದಾರ ಹಿಡಿದಷ್ಟು ನೇರವಾಗಿತ್ತು. ಒಂದು ತುಂಡೂ ಕೂದಲೆಳೆಯಷ್ಟು ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ. ಯಜಮಾನ ಹೇಳಿದ್ದು ಗೇಣುದ್ದ ಎಂದು ಮಾತ್ರ. ತೊಗಟೆ ತೆಗೆ, ಅಂಚು ನೇರ ಮಾಡು ಎಂದು ಯಾರೂ ಹೇಳಿರಲಿಲ್ಲ. ಅಣ್ಣ ಅಷ್ಟನ್ನೂ ಮಾಡಿ ಕಳಿಸಿದ್ದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಪುಟ್ಟ ಮಗು ಕೂರುವ ಬೆಂಚಿನ ಅಗಲ ಒಂದು ಗೇಣು. ಹಳೇ ಪೆಟ್ಟಿಗೆಗಳನ್ನು ಬಿಚ್ಚಿ ಕೆಳಗೆ ಎರಡು ಉದ್ದ ಪಟ್ಟಿ ಕೊಟ್ಟು, ಮೇಲೆ ತುಂಡುಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿದೆವು. ಕೈಗರಗಸ ಎಳೆದೆಳೆದು ರಟ್ಟೆ ಬೀಳುತ್ತಿದ್ದ ಕೆಲಸವೇ ಇಲ್ಲವಾಯಿತು. ಬೇಕೆಂದೇ ಬೆಂಚುಗಳನ್ನು ಮಿಲ್ಲಿನ ಗೇಟಿನ ಎದುರಿಗೇ ಒಣಗಲು ಇಟ್ಟೆವು.

ಯಜಮಾನ ಬಂದ. ಒಂದು ಬೆಂಚಿನ ಮೇಲೆ ಬೆರಳಾಡಿಸಿದ. ಎಲ್ಲ ತುಂಡೂ ಒಂದೇ ಅಳತೆಯವು ಎಂದು ಅರ್ಥವಾದದ್ದೇ ತಡ, ಅಣ್ಣನನ್ನು ಕೂಗಿ ಕರೆದ.

"ನಾಳೆಯಿಂದ ಸೊಟ್ಟಸೊಟ್ಟ ಕತ್ತರಿಸು. ಒಂದರ ಥರ ಇನ್ನೊಂದು ಇರಬಾರ್ದು."

"ಆಗಲ್ಲ," ಎಂದ ಅಣ್ಣ.

ಅವನ ಬಾಯಿಂದ ಆ ಮಾತು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಏನಂದೆ?"

"ಸೊಟ್ಟ ಕತ್ತರಿಸೋ ಕೈ ಅಲ್ಲ ಇದು. ಬೇಕಾದ್ರೆ ನೀವೇ ನಿಂತ್ಕೊಳ್ಳಿ ಗರಗಸದ ಮುಂದೆ."

"ಹಾಗಾದ್ರೆ ನಡಿ ಮನೆಗೆ!"

ಅಣ್ಣ ಕೈಗವಸು ಕಳಚಿ, ಬೆಂಚಿನ ಮೇಲೆ ಕೂತೇಬಿಟ್ಟ. ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

"ಅಂಟು ಒಣಗಿಲ್ಲ, ಏಳೋ!" ಎಂದು ಕಿರುಚಿದಳು ಪಟಾಕಿ. ಅವನು ಏಳಲಿಲ್ಲ.

ಗರಗಸ ಸದ್ದಿಲ್ಲದೆ ನಿಂತಿತ್ತು. ದಿಮ್ಮಿ ಹೇರಿದ ಲಾರಿಯ ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ. ಇನ್ನೊಬ್ಬ ಗರಗಸದವನು ಈ ಸುತ್ತಮುತ್ತ ಎಲ್ಲೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಯಜಮಾನ ಲಾರಿ ನೋಡಿದ, ಅಣ್ಣನನ್ನು ನೋಡಿದ.

"ಸರಿ, ಬಾರೋ," ಎಂದ ಗಂಟಲಲ್ಲೇ. "ಗೇಣುದ್ದ. ಹೇಗಾದ್ರೂ ಕತ್ತರಿಸ್ಕೋ."

ಅಣ್ಣ ಎದ್ದ. ನಾನು ನಡುವೆ ಹೋಗಿ ನಿಂತೆ.

"ಸ್ವಲ್ಪ ನಿಲ್ಲಿ ಯಜಮಾನ್ರೇ. ಶಾಲೆಯವರು ಮೇಜೂ ಕೇಳಿದ್ದಾರೆ. ಅದಕ್ಕೆ ಒಂದೂವರೆ ಗೇಣು ಬೇಕು."