ಕ್ಯಾತಮ್ಮನ ಒಪ್ಪಿಗೆ

"ನನ್ನ ಕುರೀನ ನಾನೇ ಮಾರಿದೀನಂತೆ ಕಣಮ್ಮ. ಎಲ್ಲೈತೆ ತೋರ್ಸು," ಎನ್ನುತ್ತ ಕ್ಯಾತಮ್ಮ ಸೆರಗಿನಿಂದ ಕುತ್ತಿಗೆಯ ಬೆವರೊರೆಸಿಕೊಂಡು ಸುನಿತಾಳ ಮೇಜಿನೆದುರು ಕೂತಳು.

ಮಧುಗಿರಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಒಂದೇ ಕೋಣೆ ಕುರಿ ಸಾಕುವ ಹೆಂಗಸರ ಸಂಘದ ಕಚೇರಿ. ಸುನಿತಾ ಪಾವಗಡದ ಕಡೆಯ ಹುಡುಗಿ, ಸಂಘದ ವೆಬ್‌ಸೈಟ್ ಕಟ್ಟಿದವಳು. ಯಾರ ಹಟ್ಟಿಯಲ್ಲಿ ಎಷ್ಟು ಕುರಿ, ಯಾವುದಕ್ಕೆ ಲಸಿಕೆ ಆಯಿತು, ಯಾವುದು ಮಾರಾಟಕ್ಕಿದೆ ಎಂಬುದೆಲ್ಲ ಅದರಲ್ಲೇ. ಸದಸ್ಯೆ ಲಾಗಿನ್ ಆಗಬೇಕೆಂದರೆ ಅವಳ ಮೊಬೈಲಿಗೆ ಓಟಿಪಿ ಬರುತ್ತದೆ, ಅದನ್ನು ಒತ್ತಿದರೆ ಖಾತೆ ತೆರೆಯುತ್ತದೆ. ಇದಕ್ಕಿಂತ ಭದ್ರವಾದದ್ದು ಇನ್ನೊಂದಿಲ್ಲ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದಳು.

ಈಗ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಕ್ಯಾತಮ್ಮ ಬೆಳಿಗ್ಗೆ ಲಾಗಿನ್ ಆಗಿದ್ದಾಳೆ, ತನ್ನ ಹೆಣ್ಣುಕುರಿಗಳನ್ನೆಲ್ಲ ಮಾರಾಟಕ್ಕಿಟ್ಟಿದ್ದಾಳೆ, ಶಿರಾದ ವ್ಯಾಪಾರಿಗೆ ಒಪ್ಪಿಗೆಯನ್ನೂ ಕೊಟ್ಟಿದ್ದಾಳೆ. ಸಂಜೆ ಲಾರಿ ಬರುತ್ತದೆ.

"ನಿಮ್ಮ ಫೋನೆಲ್ಲಿ ಅಮ್ಮ?"

"ಫೋನು ನಂತಾವ ಯಾಕಿರ್ತೈತೆ? ರಾಜಣ್ಣನ ಜೇಬ್ನಾಗೈತೆ."

ರಾಜಣ್ಣ ಅವಳ ಮೈದುನ. ಗಂಡ ತೀರಿಕೊಂಡ ಮೇಲೆ ಕ್ಯಾತಮ್ಮ ಅವನ ಮನೆಯಲ್ಲೇ ಇದ್ದಳು. ಅವನಿಗೆ ಟೆಂಪೋ ಕೊಳ್ಳುವ ಹುಚ್ಚು ಹತ್ತಿತ್ತು. ಕುರಿಗಳೋ, ತವರಿನವರು ಬಳುವಳಿಯಾಗಿ ಕೊಟ್ಟ ಒಂದು ಜೋಡಿಯಿಂದ ಬೆಳೆದ ಹಿಂಡು. ಆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ.

ಹಟ್ಟಿಯ ಹೆಂಗಸರ ಹೆಸರಿನ ನಂಬರುಗಳಲ್ಲಿ ಮುಕ್ಕಾಲು ಪಾಲು ಗಂಡಸರ ಜೇಬಿನಲ್ಲಿರುತ್ತವೆಂದು ಊರಿನ ಮಕ್ಕಳಿಗೂ ಗೊತ್ತು. ಸುನಿತಾಳ ತಲೆಗೆ ಮಾತ್ರ ಅದು ಹೊಳೆದಿರಲಿಲ್ಲ. ಅವಳ ಅವ್ವನ ಫೋನೂ ಅಪ್ಪನ ಅಂಗಿಯಲ್ಲೇ ಇರುತ್ತಿತ್ತಲ್ಲ! ಕಂಪ್ಯೂಟರಿಗೆ ಮುಖ ಮೂತಿ ಕಾಣುವುದಿಲ್ಲ. ಫೋನು ಯಾರ ಕೈಯಲ್ಲಿದೆಯೋ ಅವರೇ ಕ್ಯಾತಮ್ಮ. ಹೀಗೆ ಮೀಸೆ ಹೊತ್ತ ರಾಜಣ್ಣ ಬೆಳಗಿನ ಹೊತ್ತು ಕ್ಯಾತಮ್ಮನಾಗಿ ಕುರಿ ಮಾರಿ, ಮತ್ತೆ ರಾಜಣ್ಣನಾಗಿ ಟೀ ಕುಡಿಯಲು ಹೋಗಿದ್ದ.

ಸುನಿತಾ ನಾಚಿಕೆಯಿಂದ ಕೆಂಪಾದಳು. ಅವಳು ಅಡ್ಮಿನ್, ಯಾರ ಖಾತೆಗೂ ಕೈ ಹಾಕಬಲ್ಲಳು. ಒಂದು ಗುಂಡಿ ಒತ್ತಿದಳು. ಮಾರಾಟ ರದ್ದಾಯಿತು.

"ಆಯ್ತು ಅಮ್ಮ. ಇನ್ನು ಲಾರಿಗೆ ಕುರಿ ಹತ್ತಲ್ಲ."

ಕ್ಯಾತಮ್ಮನಿಗೆ ನೆಮ್ಮದಿಯಾದಂತೆ ಕಾಣಲಿಲ್ಲ. ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡಳು. "ಇಷ್ಟೇನಾ? ಎಲ್ರುದೂ ಇಂಗೇ ಅಳಿಸ್ಬೌದಾ ನೀನು?"

"ಹ್ಞೂಂ."

"ಮಾರ್ಲೂಬೌದಾ?"

ಸುನಿತಾ ಗುಂಡಿಯ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು. ಮಾರಬಹುದಿತ್ತು.

"ನಮ್ಮ ಹಟ್ಟೀಲಿ ದೇವರ ಒಡವೆ ಪೆಟ್ಟಿಗೆಗೆ ಮೂರು ಬೀಗ ಕಣಮ್ಮ, ಮೂರು ಮನೇಲಿ ಕೀಲಿ," ಎಂದಳು ಕ್ಯಾತಮ್ಮ. "ಒಂದ್ಸಲ ಗೌಡ ಕೀಲಿ ಇಟ್ಕೊಂಡು ನಾಗಲಮಡಿಕೆಗೆ ಹೋಗ್ಬುಟ್ಟಿದ್ದ. ಅವ್ನು ಬರೋಗಂಟ ದೇವರು ಬರೀ ಕತ್ನಾಗೆ ನಿಂತಿತ್ತು. ನಿಂತಾವ ಇರೋದು ಒಂದೇ ಕೀಲಿ. ಇನ್ನೆರಡು ಯಾರ್ತಾವ ಐತೆ?"

ಯಾರ ಹತ್ತಿರವೂ ಇರಲಿಲ್ಲ. ಇನ್ನೆರಡು ಕೀಲಿ ಇರಬೇಕೆಂದು ಯಾರೂ ಕೇಳಿಯೇ ಇರಲಿಲ್ಲ.

ಸುನಿತಾ ಅಧ್ಯಕ್ಷೆ ಅಶ್ವತ್ಥಮ್ಮನಿಗೆ ಫೋನು ಮಾಡಿದಳು. ಆಕೆ ಗೊರವನಹಳ್ಳಿಯಲ್ಲಿ ಲಕ್ಷ್ಮಿಯ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದಳು. ಮೂರು ಕೀಲಿಯ ಮಾತನ್ನೆಲ್ಲ ಕೇಳಿಸಿಕೊಂಡು, "ಅಂಗೇ ಮಾಡ್ಬುಡು ತಾಯಿ," ಎಂದಳು. ಆಮೇಲೆ ಸುನಿತಾ ಊಟದ ಡಬ್ಬಿಯನ್ನೂ ತೆರೆಯದೆ ಕೂತುಬಿಟ್ಟಳು. ಓಟಿಪಿ ಒಂದೇ ಸಾಲದು, ಪ್ರತಿಯೊಬ್ಬಳಿಗೂ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಗುಟ್ಟಿನ ಸಂಖ್ಯೆ ಬೇಕು. ಕುರಿಯ ಒಡತಿ ಒಪ್ಪಿ, ಇನ್ನಿಬ್ಬರು ಸದಸ್ಯೆಯರೂ ಹ್ಞೂಂ ಎಂದರೆ ಮಾತ್ರ ಮಾರಾಟ. ಈ ನಿಯಮವನ್ನು ತಿದ್ದುವುದಕ್ಕೂ ಮೂವರು ಬೇಕು. ಅಡ್ಮಿನ್‌ಗೆ ಯಾರ ಕುರಿಯನ್ನೂ ಮುಟ್ಟುವ ಅಧಿಕಾರವಿಲ್ಲ.

"ಸಂಖ್ಯೆ ಒತ್ತಿ ಅಮ್ಮ. ಯಾರಿಗೂ ಹೇಳಬೇಡಿ," ಎಂದು ಸುನಿತಾ ಅಡ್ಮಿನ್ ಆಗಿ ಕೊನೆಯ ಸಲ ಅವಳ ಖಾತೆ ತೆರೆದು ಕೀಲಿಮಣೆಯನ್ನು ಅವಳತ್ತ ಸರಿಸಿದಳು.

"ಆಕಡೆ ತಿರುಗು ಮತ್ತೆ," ಎಂದಳು ಕ್ಯಾತಮ್ಮ. ಸುನಿತಾ ಗೋಡೆಯ ಕಡೆ ತಿರುಗಿದಳು. ಒಂದೊಂದೇ ಗುಂಡಿ ನಿಧಾನವಾಗಿ ಟಕ್ಕೆನ್ನುವುದು ಕೇಳಿಸಿತು. "ಈಗ ಇದು ನಿಂಗೆ ಗೊತ್ತಾಗ್ತೈತಾ?"

"ಇಲ್ಲ. ಕಂಪ್ಯೂಟರಿಗೂ ಗೊತ್ತಿರಲ್ಲ. ರಾಗಿ ಬೀಸಿ ಹಿಟ್ಟು ಮಾತ್ರ ಇಟ್ಕೊಂಡಂಗೆ. ನೀವು ಮತ್ತೆ ಅದೇ ರಾಗಿ ತಂದರೆ ಬೀಸಿ ನೋಡಿ, ಅದೇ ಹಿಟ್ಟು ಅಂತ ಒಪ್ತದೆ. ಹಿಟ್ಟಿಂದ ವಾಪಸ್ ರಾಗಿ ಮಾಡಕ್ಕೆ ಯಾರಿಗೂ ಆಗಲ್ಲ."

"ಯಾರ್ಗೂನಾ?"

"ಯಾರಿಗೂ."

ಕ್ಯಾತಮ್ಮ ತನ್ನ ಬೆರಳುಗಳನ್ನು ಹೊಸದಾಗಿ ಕಂಡವಳಂತೆ ನೋಡಿಕೊಂಡಳು.

ಹೊಸ ನಿಯಮ ಜಾರಿಯಾಗಲು ಮೂವರ ಒಪ್ಪಿಗೆ ಬೇಕಿತ್ತು. ಸುನಿತಾ ಅದನ್ನು ಮೂವರಿಗೂ ಕಳಿಸಿ ಕಾದಳು. ಮೊದಲು, ಕಚೇರಿಯ ಕಂಪ್ಯೂಟರಿನಲ್ಲೇ ತನ್ನ ಸಂಖ್ಯೆ ಒತ್ತಿದ ಕ್ಯಾತಮ್ಮನ ಹೆಸರು ಹಸಿರಾಯಿತು. ಆಮೇಲೆ ಗೊರವನಹಳ್ಳಿಯ ಸಾಲಿನಿಂದ ಅಶ್ವತ್ಥಮ್ಮನದು. ತನ್ನ ಫೋನನ್ನು ತಾನೇ ಇಟ್ಟುಕೊಂಡು ಮಿಡಿಗೇಶಿ ಗುಡ್ಡದಲ್ಲಿ ಕುರಿ ಕಾಯುತ್ತಿದ್ದ ಇನ್ನೊಬ್ಬ ಸದಸ್ಯೆ ಸಣ್ಣಕ್ಕನಿಗೆ ಸಿಗ್ನಲ್ ಸಿಗುವುದು ತಡವಾಯಿತು, ಅವಳದೂ ಹಸಿರಾಯಿತು. ಒಬ್ಬರಿಗೊಬ್ಬರು ಕಾಣದ ಮೂವರು ಹೆಂಗಸರು ಬೇರೆ ಬೇರೆ ದಿಕ್ಕಿನಲ್ಲಿ ನಿಂತು ಒಂದೇ ಬೀಗಕ್ಕೆ ಕೈ ಹಾಕಿದ್ದರು. ಸುನಿತಾಳ ಮೈ ಜುಮ್ಮೆಂದಿತು. ಇಂಥದ್ದನ್ನು ಓದಿ ಪರೀಕ್ಷೆ ಬರೆದಿದ್ದಳೇ ಹೊರತು ಕಣ್ಣಾರೆ ಕಂಡದ್ದು ಇದೇ ಮೊದಲು. ನೋಡನೋಡುತ್ತಿದ್ದಂತೆ ಅವಳ ಹೆಸರಿನ ಮುಂದಿದ್ದ ಗುಂಡಿಗಳೆಲ್ಲ ಮಾಸಿಹೋದವು. ತಾನೇ ಕಟ್ಟಿದ ಮನೆಯಿಂದ ತಾನು ಹೊರಗೆ ನಿಂತಿದ್ದಳು. ಅದರಿಂದ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಹೇಳಿಕೊಳ್ಳಲು ಭಯವಾಯಿತು.

ಬಿಸಿಲಿಳಿಯುವ ಹೊತ್ತಿಗೆ ರಾಜಣ್ಣ ದಡದಡ ಮೆಟ್ಟಿಲು ಹತ್ತಿ ಬಂದ. ಕೆಳಗೆ ರಸ್ತೆಯಲ್ಲಿ ಲಾರಿ ಗುರುಗುಡುತ್ತಿತ್ತು.

"ಮೇಡಂ, ರದ್ದಾಗೈತೆ ಅಂತ ಮೆಸೇಜ್ ಬಂದೈತೆ. ಲಾರಿ ಬಂದ್ಬುಟ್ಟೈತೆ. ವಾಪಸ್ ಹಾಕ್ಬುಡಿ."

"ನನ್ನ ಕೈಲಾಗಲ್ಲ ರಾಜಣ್ಣ."

"ನೀವೇ ಮಾಡಿರೋದಲ್ವಾ ಅದನ್ನ?"

ಅವಳು ಪರದೆಯನ್ನು ಅವನ ಕಡೆ ತಿರುಗಿಸಿ ಕ್ಯಾತಮ್ಮನ ಖಾತೆ ಒತ್ತಿದಳು. ನಿಮಗೆ ಅನುಮತಿ ಇಲ್ಲ ಎಂದು ಬಂತು. ಅವನು ಜೇಬಿನಿಂದ ಫೋನು ತೆಗೆದು ತಾನೂ ಒತ್ತಿದ. ಓಟಿಪಿ ಬಂತು. ಅದನ್ನು ಹಾಕಿದ ಮೇಲೆ ಗುಟ್ಟಿನ ಸಂಖ್ಯೆ ಕೇಳಿತು. ಫೋನನ್ನು ಒಮ್ಮೆ, ಸುನಿತಾಳನ್ನು ಒಮ್ಮೆ ನೋಡಿದ. ಬೈಯಲೆಂದು ಬಾಯಿ ತೆರೆದವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಕೋಣೆಯಲ್ಲಿ ಇನ್ನೊಬ್ಬಳು ಇದ್ದಾಳೆಂಬುದು ಆಗಷ್ಟೇ ನೆನಪಾದಂತೆ ಮೆಲ್ಲಗೆ ತಿರುಗಿದ.

"ಅತ್ಗೆ," ಎಂದ. ದನಿ ತಗ್ಗಿತ್ತು. "ನೀನೇನಂತೀಯ?"

ಮದುವೆಯಾಗಿ ಆ ಮನೆ ಹೊಕ್ಕಂದಿನಿಂದ ಕ್ಯಾತಮ್ಮನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಸೊಂಟದ ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿದಳು.

"ಕುಂತ್ಕೊ," ಎಂದಳು. "ಯೋಚ್ನೆ ಮಾಡ್ತೀನಿ."

ರಾಜಣ್ಣ ಕೂತ. ಬಹಳ ಹೊತ್ತಿನ ಮೇಲೆ, ಕೆಳಗೆ ಡ್ರೈವರು ಲಾರಿಯ ಇಂಜಿನ್ ಆರಿಸಿದ.